ಕೀಮೋ ಓಡುವಾಗ ಕಣ್ಣು ಕೈಯ ಮೇಲಿರಲಿ

ತುಮಕೂರಿನ ವಾರ್ಡುಗಳಲ್ಲಿ, ಗುಬ್ಬಿ ಮತ್ತು ಕುಣಿಗಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ, ಸಣ್ಣಪುಟ್ಟ ನರ್ಸಿಂಗ್ ಹೋಮುಗಳಲ್ಲಿ ಈಚೆಗೆ ಕೆಲಸಕ್ಕೆ ಸೇರಿದ ನರ್ಸಮ್ಮಂದಿರೇ, ನಿಮಗೆ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬೇಜಾರು ಮಾಡಿಕೊಳ್ಳಬೇಡಿ. ನೀವು ಓದಿದ್ದೀರಿ, ಪಾಸಾಗಿದ್ದೀರಿ, ಕೆಲಸದಲ್ಲಿ ಚುರುಕಾಗಿದ್ದೀರಿ. ಆದರೆ ಚುರುಕಾಗಿದ್ದರೆ ಸಾಲದು, ಎಚ್ಚರವೂ ಬೇಕು. ನಾನು ಹೇಳಲು ಹೊರಟಿರುವ ಎರಡು ಬಗೆಯ ಔಷಧಗಳ ವಿಷಯದಲ್ಲಂತೂ ಎಚ್ಚರವೇ ಅರ್ಧ ಚಿಕಿತ್ಸೆ.

ಹಿಂದೆ ನಮ್ಮ ಕಡೆಯವರು ಕೀಮೋ ಹಾಕಿಸಿಕೊಳ್ಳಬೇಕಾದರೆ ಬೆಂಗಳೂರಿಗೇ ಹೋಗಬೇಕಿತ್ತು. 1973ರಲ್ಲಿ ಅಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಶುರುವಾದ ಮೇಲೆ ಗುಬ್ಬಿಯವರು ರೈಲು ಹತ್ತಿ, ಕುಣಿಗಲ್ಲಿನವರು ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಡ್ರಿಪ್ ಹಾಕಿಸಿಕೊಂಡು, ರಾತ್ರಿಯೊಳಗೆ ಊರು ಸೇರುತ್ತಿದ್ದರು. ಈಗಲೂ ಎಷ್ಟೋ ಜನ ಹೋಗಿಬರುತ್ತಾರೆ. ಆದರೆ ಕೀಮೋ ಮೆಲ್ಲಗೆ ಜಿಲ್ಲೆಗಳಿಗೂ ಬರುತ್ತಿದೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳನ್ನು ತೆರೆಯಿತು. ನಾಳೆ ನಿಮ್ಮ ಕೈಗೂ ಡಾಕ್ಸೊರುಬಿಸಿನ್ ತುಂಬಿದ ಆ ಕೆಂಪು ಸಿರಿಂಜು ಬರುತ್ತದೆ. ಬರದಿದ್ದರೂ, ಬೆಂಗಳೂರಿನಲ್ಲಿ ಕೀಮೋ ಹಾಕಿಸಿಕೊಂಡು ಬಂದವರಿಗೆ ನಡುರಾತ್ರಿ ಜ್ವರ ಬಂದರೆ ಮೊದಲು ಬಾಗಿಲು ತಟ್ಟುವುದು ನಿಮ್ಮ ಆಸ್ಪತ್ರೆಯದೇ.

ಪರೀಕ್ಷೆಗೆ ಓದುವಾಗ ಕೀಮೋ ಔಷಧಗಳು ಒಂದು ಪಾಠ, ಅಡ್ರಿನಾಲಿನ್ ಬಳಗದ ಔಷಧಗಳು ಇನ್ನೊಂದು ಪಾಠ. ಒಂದನ್ನು ಓದಿ ಮುಗಿಸಿ, ಮರೆತು, ಇನ್ನೊಂದನ್ನು ಓದಿರುತ್ತೀರಿ. ವಾರ್ಡಿನಲ್ಲಿ ಎರಡೂ ಒಂದೇ ಮಂಚದ ಪಕ್ಕ ನಿಲ್ಲುತ್ತವೆ. ಕೀಮೋ ಕೊಡುವಾಗ ಅಲರ್ಜಿಯಾಗಿ ಉಸಿರು ಕಟ್ಟಿದರೆ ಬೇಕಾಗುವುದು ಅಡ್ರಿನಾಲಿನ್. ಕೀಮೋ ಆದವರಿಗೆ ಸೋಂಕು ರಕ್ತಕ್ಕೇರಿ ಬಿಪಿ ಕುಸಿದರೆ ಬೇಕಾಗುವುದು ನಾರ್‌ಅಡ್ರಿನಾಲಿನ್. ಎರಡೂ ಬಗೆಯ ಕೆಲವು ಔಷಧಗಳು ರಕ್ತನಾಳದ ಒಳಗಿದ್ದರೆ ಜೀವ ಉಳಿಸುತ್ತವೆ, ಹೊರಗೆ ಸೋರಿದರೆ ಮಾಂಸವನ್ನೇ ಕೊಳೆಸುತ್ತವೆ. ಆದ್ದರಿಂದ ನನ್ನ ಮೊದಲ ಮಾತು, ದೊಡ್ಡ ಮಾತು, ರಕ್ತನಾಳದ್ದು.

ವೆನ್‌ಫ್ಲಾನ್ ಹಾಕುವಾಗ ಸುಲಭಕ್ಕೆ ಸಿಕ್ಕುವ ನಾಳವನ್ನು ಹುಡುಕಬೇಡಿ, ಸರಿಯಾದ ನಾಳವನ್ನು ಹುಡುಕಿ. ಡಾಕ್ಸೊರುಬಿಸಿನ್, ವಿಂಕ್ರಿಸ್ಟಿನ್‌ನಂಥ ಸುಡುವ ಔಷಧಗಳಿಗೆ ಮುಂಗೈಯ ಮಾಂಸಲ ಭಾಗ ಒಳ್ಳೆಯದು. ಮೊಣಕೈ ಮಡಿಕೆ ಬೇಡ, ಮಣಿಕಟ್ಟು ಬೇಡ, ಅಂಗೈ ಹಿಂಭಾಗದ ತೆಳು ಚರ್ಮವೂ ಬೇಡ. ಅಲ್ಲೆಲ್ಲ ಸೋರಿದರೆ ನರ, ಸ್ನಾಯುರಜ್ಜು, ಕೀಲು ಎಲ್ಲವೂ ಹತ್ತಿರದಲ್ಲೇ ಇರುತ್ತವೆ. ಸ್ತನದ ಆಪರೇಷನ್ ಆಗಿ ಕಂಕುಳಿನ ಗಂಟು ತೆಗೆದಿರುವ ಕಡೆಯ ಕೈಯನ್ನು ಮುಟ್ಟಬೇಡಿ. ನಿನ್ನೆ ಹಾಕಿದ ವೆನ್‌ಫ್ಲಾನ್ ಇದೆಯಲ್ಲ, ಅದರಲ್ಲೇ ಕೊಟ್ಟುಬಿಡೋಣ ಎನ್ನುವ ಅಭ್ಯಾಸ ಕೆಲವರಿಗಿದೆ. ಅದನ್ನು ಇವತ್ತೇ ಬಿಡಿ. ಸುಡುವ ಔಷಧಕ್ಕೆ ಹೊಸ ಸೂಜಿ, ಹೊಸ ಜಾಗ. ಸೂಜಿ ಚುಚ್ಚಿದ ಜಾಗವನ್ನು ಅಗಲವಾದ ಬಿಳಿ ಪ್ಲಾಸ್ಟರಿನಿಂದ ಮುಚ್ಚಿ, ಮೇಲೆ ಹೊದಿಕೆ ಎಳೆದುಬಿಟ್ಟರೆ ಊತ ನಿಮಗೆ ಕಾಣುವುದಾದರೂ ಹೇಗೆ? ಪಾರದರ್ಶಕ ಡ್ರೆಸ್ಸಿಂಗ್ ಹಾಕಿ, ಕೈ ಹೊದಿಕೆಯ ಹೊರಗಿರಲಿ.

ಔಷಧ ತಳ್ಳುವ ಮೊದಲು ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಿ. ಸಲೈನ್ ಬಿಟ್ಟು ನೋಡಿ. ತಳ್ಳುತ್ತಿರುವಾಗಲೂ ಎರಡರಿಂದ ಐದು ಎಂಎಲ್‌ಗೊಮ್ಮೆ ಮತ್ತೆ ಎಳೆದು ನೋಡಿ. ಡಾಕ್ಸೊರುಬಿಸಿನ್ ಹೋಗುತ್ತಿರುವಾಗ ಫೋನು ಬಂದರೆ ಎತ್ತಬೇಡಿ, ಯಾರು ಕರೆದರೂ ಏಳಬೇಡಿ. ಆ ಹತ್ತು ನಿಮಿಷ ನೀವು ಆ ಕೈಗೆ ಸೇರಿದವರು.

ಇನ್ನೊಂದು ವಿಷಯ. ನಮ್ಮ ಕಡೆಯ ಹೆಂಗಸರು ನೋವನ್ನು ಹೇಳುವುದಿಲ್ಲ. "ಉರಿ ಆಗ್ತಿದೆಯಾ ಅಮ್ಮ?" ಎಂದು ಕೇಳಿದರೆ, "ಪರವಾಗಿಲ್ಲ ಬಿಡವ್ವ, ನಿನ್ನ ಕೆಲಸ ನೀನು ಮಾಡು" ಅನ್ನುತ್ತಾರೆ. ನಿಮಗೆ ತೊಂದರೆ ಕೊಡಬಾರದು ಎಂಬ ಸಂಕೋಚ ಅವರಿಗೆ. ಆ "ಪರವಾಗಿಲ್ಲ"ವನ್ನು ನಂಬಿ ಹೊರಟುಬಿಡಬೇಡಿ. ಮುಖ ನೋಡಿ, ಹುಬ್ಬು ಗಂಟಿಕ್ಕಿದೆಯಾ ನೋಡಿ, ಸೂಜಿಯ ಸುತ್ತ ಬೆರಳಿಟ್ಟು ನೋಡಿ: ಬಿಗಿಯಾಗಿದೆಯಾ, ತಣ್ಣಗಿದೆಯಾ, ಬೆಳ್ಳಗೆ ಅಥವಾ ಕೆಂಪಗೆ ತಿರುಗಿದೆಯಾ. ಔಷಧ ಶುರು ಮಾಡುವ ಮೊದಲೇ ಹೇಳಿಬಿಡಿ: "ಅವ್ವಾ, ಸ್ವಲ್ಪ ಚುರುಗುಟ್ಟಿದರೂ ನನಗೆ ಹೇಳಬೇಕು. ಹೇಳದಿದ್ದರೆ ನನಗೆ ತೊಂದರೆ, ಹೇಳಿದರೆ ಏನೂ ಇಲ್ಲ." ಹೀಗೆಂದರೆ ಅವರು ಹೇಳುತ್ತಾರೆ.

ಅಷ್ಟಾದರೂ ಸೋರಿತು ಎನ್ನಿ. ಗಾಬರಿಯಲ್ಲಿ ಸೂಜಿ ಕಿತ್ತು ಹತ್ತಿ ಒತ್ತುವುದು ಎಲ್ಲರೂ ಮೊದಲು ಮಾಡುವ ತಪ್ಪು. ಕೀಳಬೇಡಿ. ಔಷಧ ನಿಲ್ಲಿಸಿ, ಟ್ಯೂಬ್ ಬಿಚ್ಚಿ, ಅದೇ ಸೂಜಿಗೆ ಖಾಲಿ ಸಿರಿಂಜ್ ಹಾಕಿ ಒಳಗೆ ಉಳಿದಿರುವುದನ್ನು ಎಳೆದು ತೆಗೆಯಿರಿ. ಆ ಜಾಗವನ್ನು ಒತ್ತಬೇಡಿ, ಉಜ್ಜಬೇಡಿ. ವೈದ್ಯರನ್ನು ಕೂಗಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಹಾಕಿ, ಸಮಯ ಬರೆಯಿರಿ. ಕೈಯನ್ನು ಮೇಲೆತ್ತಿ ಇಡಿ. ಆಮೇಲೆ ಶಾಖವೋ ತಂಪೋ ಎಂಬುದು ಔಷಧವನ್ನು ನೋಡಿ ಮಾಡುವ ತೀರ್ಮಾನ. ಇದನ್ನು ಬಾಯಿಪಾಠ ಮಾಡಿ. ಡಾಕ್ಸೊರುಬಿಸಿನ್ ಸೋರಿದರೆ ತಂಪು: ಬಟ್ಟೆ ಸುತ್ತಿದ ಐಸ್ ಪ್ಯಾಕು, 15–20 ನಿಮಿಷ, ದಿನಕ್ಕೆ ನಾಲ್ಕು ಸಲ. ಅದಕ್ಕೆ ಪ್ರತ್ಯೌಷಧವಾದ ಡೆಕ್ಸ್‌ರಜಾಕ್ಸೇನ್ ಸಿಗುವ ಕಡೆ ಇದ್ದರೆ ಆರು ಗಂಟೆಯೊಳಗೆ ಶುರುವಾಗಬೇಕು, ಅದೂ ಇನ್ನೊಂದು ಕೈಯಲ್ಲಿ. ವಿಂಕ್ರಿಸ್ಟಿನ್ ಸೋರಿದರೆ ಬಿಸಿ ಶಾಖ, ಜೊತೆಗೆ ವೈದ್ಯರು ಹೇಳಿದರೆ ಹಯಲುರೊನಿಡೇಸ್. ಅದಕ್ಕೆ ಐಸ್ ಇಟ್ಟರೆ ಗಾಯ ಇನ್ನೂ ಕೆಡುತ್ತದೆ.

ನಾರ್‌ಅಡ್ರಿನಾಲಿನ್ ಸೋರಿದಾಗಲೂ ಐಸ್ ಬೇಡ. ಯಾಕೆ ಎಂಬುದು ಗೊತ್ತಿದ್ದರೆ ಮರೆಯುವುದಿಲ್ಲ. 1948ರಲ್ಲಿ ಆಲ್ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ನಮ್ಮ ದೇಹದಲ್ಲಿ ಅಡ್ರಿನಾಲಿನ್ ಕೂರುವ ಜಾಗಗಳನ್ನು ಆಲ್ಫಾ, ಬೀಟಾ ಎಂದು ಎರಡಾಗಿ ವಿಂಗಡಿಸಿದರು. ಆಲ್ಫಾ ಕೆಲಸ ಮಾಡಿದರೆ ರಕ್ತನಾಳ ಹಿಂಡಿಕೊಳ್ಳುತ್ತದೆ. ಬೀಟಾ ಒಂದು ಹೃದಯವನ್ನು ಓಡಿಸುತ್ತದೆ. ಬೀಟಾ ಎರಡು ಶ್ವಾಸನಾಳವನ್ನು ಸಡಿಲಿಸುತ್ತದೆ. ನಾರ್‌ಅಡ್ರಿನಾಲಿನ್ ಬಹುಮಟ್ಟಿಗೆ ಆಲ್ಫಾದ ಮನುಷ್ಯ. ಸೋರಿದ ಜಾಗದ ಸಣ್ಣ ರಕ್ತನಾಳಗಳನ್ನೆಲ್ಲ ಹಿಂಡಿ, ರಕ್ತ ಹೋಗದಂತೆ ಮಾಡಿ, ಚರ್ಮವನ್ನು ಮೊದಲು ಬಿಳುಚಿಸಿ ಆಮೇಲೆ ಕಪ್ಪಾಗಿಸುತ್ತದೆ. ಅದರ ಮೇಲೆ ಐಸ್ ಇಟ್ಟರೆ ಹಿಂಡಿದ್ದನ್ನು ಇನ್ನಷ್ಟು ಹಿಂಡಿದಂತೆ. ಆಲ್ಫಾವನ್ನು ತಡೆಯುವ ಫೆಂಟೊಲಮಿನ್, 5ರಿಂದ 10 ಮಿಲಿಗ್ರಾಂ, 10 ಎಂಎಲ್ ಸಲೈನಿನಲ್ಲಿ ಬೆರೆಸಿ ಆ ಜಾಗದ ಸುತ್ತ ಚುಚ್ಚುವುದು ಇದಕ್ಕೆ ಮದ್ದು. 12 ಗಂಟೆಯೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ನಿಮ್ಮ ಆಸ್ಪತ್ರೆಯಲ್ಲಿ ಅದು ಇದೆಯೇ, ಎಲ್ಲಿದೆ, ಇಲ್ಲದಿದ್ದರೆ ವೈದ್ಯರು ಏನು ಬಳಸುತ್ತಾರೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೋಗಬೇಡಿ.

ನಾರ್‌ಅಡ್ರಿನಾಲಿನ್ ವಿಷಯ ಬಂದದ್ದರಿಂದ ಅದರ ಬಗ್ಗೆ ಇನ್ನಷ್ಟು ಹೇಳಿಬಿಡುತ್ತೇನೆ. ಕುತ್ತಿಗೆಯ ಸೆಂಟ್ರಲ್ ಲೈನಿನಲ್ಲಿ ಕೊಡುವುದು ಒಳ್ಳೆಯದು. ಇಲ್ಲದ ಕಡೆ, ತುರ್ತಿಗೆ, ಕೈಯ ದೊಡ್ಡ ನಾಳದಲ್ಲಿ ಶುರು ಮಾಡಬೇಕಾಗುತ್ತದೆ. ಆಗ ಆ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ. ಸೂಜಿಯ ಜಾಗವನ್ನು ಗಂಟೆಗೊಮ್ಮೆಯಾದರೂ ನೋಡಿ. ಮೀನ್ ಬಿಪಿ ಸಾಮಾನ್ಯವಾಗಿ 65 ಇರಬೇಕೆಂದು ವೈದ್ಯರು ಹೇಳಿರುತ್ತಾರೆ. ಅದು 90 ತೋರಿಸಿದರೆ "ಚೆನ್ನಾಗಿದೆ" ಎಂದು ಸುಮ್ಮನಿರಬೇಡಿ, ತಿಳಿಸಿ. ಅತಿಯಾದರೆ ಅಮೃತವೂ ವಿಷ.

ಸಿರಿಂಜ್ ಪಂಪು "ಖಾಲಿ" ಎಂದು ಕೂಗಿಕೊಂಡಾಗ ಆಂಪೂಲ್ ಹುಡುಕಲು ಓಡುವವರನ್ನು ಕಂಡರೆ ನನಗೆ ಎದೆ ಧಸಕ್ಕೆನ್ನುತ್ತದೆ. ಈ ಔಷಧ ರಕ್ತದಲ್ಲಿ ಎರಡು ಮೂರು ನಿಮಿಷ ಉಳಿದರೆ ಹೆಚ್ಚು. ನೀವು ಸ್ಟೋರಿನಿಂದ ಬರುವಷ್ಟರಲ್ಲಿ ಬಿಪಿ ನೆಲ ಕಚ್ಚಿರುತ್ತದೆ. ಮುಂದಿನ ಸಿರಿಂಜು ತುಂಬಿ, ಹೆಸರು, ಪ್ರಮಾಣ, ಸಮಯದ ಚೀಟಿ ಅಂಟಿಸಿ, ಮೊದಲೇ ಪಕ್ಕದಲ್ಲಿರಲಿ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಾರ್‌ಅಡ್ರಿನಾಲಿನ್ ಹೋಗುತ್ತಿರುವ ಟ್ಯೂಬಿನಲ್ಲೇ ಆ್ಯಂಟಿಬಯೋಟಿಕ್ ಕೊಟ್ಟು ಸಲೈನಿನಿಂದ ಫ್ಲಶ್ ಮಾಡುವುದು. ಟ್ಯೂಬಿನೊಳಗೆ ಇದ್ದ ಔಷಧವೆಲ್ಲ ಒಂದೇ ಏಟಿಗೆ ಹೃದಯಕ್ಕೆ ಹೋಗಿ ಬಿಪಿ ಮುಗಿಲಿಗೇರುತ್ತದೆ. ಈ ಲೈನು ಈ ಔಷಧಕ್ಕಷ್ಟೇ. ಬೇರೆ ಏನನ್ನೂ ಅದರಲ್ಲಿ ಕೊಡಬೇಡಿ. ಸೋಡಾ ಬೈಕಾರ್ಬ್ ಜೊತೆಗಂತೂ ಬೆರೆಸಲೇಬೇಡಿ, ಔಷಧ ಸತ್ತುಹೋಗುತ್ತದೆ. ದ್ರಾವಣ ಕಂದು ಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ. ಬಿಪಿ ಸರಿಯಾಯಿತೆಂದು ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಿ.

ಈಗ ಅಲರ್ಜಿಯ ಮಾತು. ಪ್ಯಾಕ್ಲಿಟ್ಯಾಕ್ಸೆಲ್ ಕೊಡುವ ಮೊದಲು ಡೆಕ್ಸಾಮೆಥಾಸೋನ್ ಮತ್ತು ಅಲರ್ಜಿ ತಡೆಯುವ ಇಂಜೆಕ್ಷನ್‌ಗಳನ್ನು ಕೊಡುತ್ತಾರಲ್ಲ, ಅದನ್ನು "ರೂಟೀನ್" ಎಂದು ಬಿಟ್ಟುಬಿಡಬೇಡಿ. ಮೊದಲ ಮತ್ತು ಎರಡನೆಯ ಸಲ ಕೊಡುವಾಗ, ಶುರುವಿನ ಹತ್ತು ಹದಿನೈದು ನಿಮಿಷದಲ್ಲೇ ತೊಂದರೆ ಕಾಣಿಸಿಕೊಳ್ಳುವುದು ಹೆಚ್ಚು. ಮುಖ ಕೆಂಪಾಗುತ್ತದೆ, ಬೆನ್ನು ನೋಯುತ್ತದೆ, ಎದೆ ಬಿಗಿಯುತ್ತದೆ, "ಏನೋ ಆಗ್ತಿದೆ ಸಿಸ್ಟರ್" ಅನ್ನುತ್ತಾರೆ. ಆ ಹೊತ್ತಿಗೆ ನೀವು ಅಲ್ಲೇ ಇರಬೇಕು. ಕಾರ್ಬೊಪ್ಲಾಟಿನ್ ಇದಕ್ಕೆ ಉಲ್ಟಾ: ಐದಾರು ಸಲ ಸುಮ್ಮನೆ ಹೋಗಿ, ಆಮೇಲೆ ಒಂದು ದಿನ ತಿರುಗಿಬೀಳುತ್ತದೆ. ಹೋದ ಸಲ ಏನೂ ಆಗಲಿಲ್ಲ ಎಂಬ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಉಸಿರು ಕಟ್ಟುತ್ತಿದ್ದರೆ, ಬಿಪಿ ಬಿದ್ದರೆ, ಡ್ರಿಪ್ ನಿಲ್ಲಿಸಿ. ಸೂಜಿ ಅಲ್ಲೇ ಇರಲಿ. ರೋಗಿಯನ್ನು ಮಲಗಿಸಿ, ಕಾಲು ಎತ್ತರಿಸಿ. ಉಸಿರಾಟಕ್ಕೆ ಕಷ್ಟವಾದರೆ ಒರಗಿಸಿ ಕೂರಿಸಬಹುದು, ಆದರೆ ಎದ್ದು ನಿಲ್ಲಿಸಬೇಡಿ, ಬಾತ್‌ರೂಮಿಗೆ ನಡೆಸಬೇಡಿ. ದೊಡ್ಡವರಿಗೆ 1:1000 ಅಡ್ರಿನಾಲಿನ್ ಅರ್ಧ ಎಂಎಲ್, ಅಂದರೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಎವಿಲ್, ಹೈಡ್ರೋಕಾರ್ಟಿಸೋನ್ ಮೊದಲು ಕೊಟ್ಟು "ನೋಡೋಣ" ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅವು ಆಮೇಲಿನವು. ಉಸಿರು ಉಳಿಸುವುದು ಅಡ್ರಿನಾಲಿನ್. ಹೃದಯ ನಿಂತಾಗ ಕೊಡುವ ಒಂದು ಮಿಲಿಗ್ರಾಂ ರಕ್ತನಾಳದ ಡೋಸನ್ನು ಇದರ ಜೊತೆ ಕಲಸಿಕೊಳ್ಳಬೇಡಿ. ನಾಡಿ ಬಡಿಯುತ್ತಿರುವವರಿಗೆ ಅದನ್ನು ನಾಳಕ್ಕೆ ತಳ್ಳಿದರೆ ಹೃದಯವೇ ಹಳಿ ತಪ್ಪುತ್ತದೆ. ಕೀಮೋ ಶುರುವಾಗುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಬಿಪಿಗೋ, ಎದೆ ಬಡಿತಕ್ಕೋ, ಅರೆತಲೆನೋವಿಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಅದು ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಜಾತಿಯ ಬೀಟಾ ಬ್ಲಾಕರ್ ಆಗಿದ್ದರೆ ಅಡ್ರಿನಾಲಿನ್ ಕೊಟ್ಟರೂ ಸರಿಯಾಗಿ ಹಿಡಿಯುವುದಿಲ್ಲ. ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಗ್ಲೂಕಗಾನ್ ಸಿದ್ಧವಿಡಿಸುತ್ತಾರೆ. ಹಾಗೆಂದು ಆ ಮಾತ್ರೆಯನ್ನು ನೀವೇ ನಿಲ್ಲಿಸಲು ಹೇಳಬೇಡಿ. ಒಮ್ಮೆಲೇ ನಿಲ್ಲಿಸಿದರೆ ಎದೆನೋವೇ ಬಂದೀತು.

ಹೆಸರುಗಳ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ. ಅರ್ಧ ಹೆಸರು ಓದಿ ಆಂಪೂಲ್ ಮುರಿಯುತ್ತೀರಿ. ವಿಂಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್. ಸಿಸ್‌ಪ್ಲಾಟಿನ್, ಕಾರ್ಬೊಪ್ಲಾಟಿನ್. ಡೋಪಮಿನ್, ಡೊಬ್ಯುಟಮಿನ್. ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್. ಬೆಳ್ಳಗಿರುವುದೆಲ್ಲ ಹಾಲಲ್ಲ. ಕಾರ್ಬೊಪ್ಲಾಟಿನ್ ಡೋಸಿನಲ್ಲಿ ಸಿಸ್‌ಪ್ಲಾಟಿನ್ ಹೋದರೆ ಮೂತ್ರಪಿಂಡ, ಕಿವಿ, ಕೊನೆಗೆ ಜೀವ, ಯಾವುದೂ ಉಳಿಯುವ ಭರವಸೆ ಇಲ್ಲ. ಇಬ್ಬರು ನರ್ಸ್‌ಗಳು ಪ್ರತ್ಯೇಕವಾಗಿ ಕೇಸ್ ಶೀಟ್ ನೋಡಿ, ಲೆಕ್ಕ ಹಾಕಿ, ಬಾಟಲಿ ಓದಿ, ಕೈಪಟ್ಟಿಯ ಹೆಸರು ನೋಡಿ ಸಹಿ ಮಾಡಬೇಕು. ಒಬ್ಬರು ಮಾಡಿದ್ದಕ್ಕೆ ಇನ್ನೊಬ್ಬರು ಕಣ್ಣು ಮುಚ್ಚಿ ಸಹಿ ಹಾಕಿದರೆ ಅದು ಪರಿಶೀಲನೆ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಈ ಕೆಲಸಕ್ಕೇ ಎನ್ನಿಸುತ್ತದೆ. ಡಾಕ್ಟರ್ ಬರೆದದ್ದು ಸರಿಯಿಲ್ಲ ಎನ್ನಿಸಿದರೆ ಕೇಳಿ. ಕೇಳಿದ್ದಕ್ಕೆ ಬೈದರೆ ಬೈಯಲಿ, ಬೈಗುಳದಿಂದ ಯಾರೂ ಸಾಯುವುದಿಲ್ಲ.

ತೂಕವನ್ನೂ ಪ್ರತಿ ಸಲ ನೋಡಿ. ಹೋದ ತಿಂಗಳ ತೂಕವನ್ನು ನೋಡಿ ಈ ತಿಂಗಳ ಹಾಳೆಗೆ ಬರೆಯುವವರಿದ್ದಾರೆ. ಬಾಯಿ ಕ್ಯಾನ್ಸರಿನವರು, ಊಟ ಸೇರದವರು, ಒಂದು ತಿಂಗಳಲ್ಲಿ ಐದಾರು ಕಿಲೋ ಇಳಿದಿರುತ್ತಾರೆ. ಎತ್ತರ ತೂಕ ಸೇರಿಸಿ ಲೆಕ್ಕ ಹಾಕುವ ಡೋಸು ಅಲ್ಲೇ ತಪ್ಪುತ್ತದೆ. ಹಳೆಯ ಫೈಲನ್ನೂ ಕೇಳಿ ತೆಗೆಸಿಕೊಳ್ಳಿ. ಡಾಕ್ಸೊರುಬಿಸಿನ್‌ಗೆ ಜೀವಮಾನದ ಮಿತಿ ಇದೆ: ದೇಹದ ಒಂದು ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ. ಅದನ್ನು ದಾಟಿದರೆ ಹೃದಯ ಸೋಲುವ ಅಪಾಯ ಏರುತ್ತಾ ಹೋಗುತ್ತದೆ. ಹತ್ತು ವರ್ಷದ ಹಿಂದೆ ಬೇರೆ ಆಸ್ಪತ್ರೆಯಲ್ಲಿ ಎಷ್ಟು ಹೋಗಿದೆ ಎಂಬುದು ಆ ಪ್ಲಾಸ್ಟಿಕ್ ಕವರಿನ ಫೈಲಿನಲ್ಲಷ್ಟೇ ಇರುತ್ತದೆ. ಎಕೋ ರಿಪೋರ್ಟು ನೋಡದೆ ಶುರು ಮಾಡಬೇಡಿ. ಆಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ಅದು ರಕ್ತವಲ್ಲ ಎಂದು ಮುಂಚೆಯೇ ಹೇಳಿ. ಇಲ್ಲದಿದ್ದರೆ ಪಾಪ, ಮನೆಯವರೆಲ್ಲ ಹೆದರಿ ರಾತ್ರಿಯೇ ಗಾಡಿ ಮಾಡಿಕೊಂಡು ಬರುತ್ತಾರೆ.

ವಿಂಕ್ರಿಸ್ಟಿನ್ ಬಗ್ಗೆ ಒಂದು ವಿಷಯವನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಿ. ಅದು ಹುಟ್ಟಿದ್ದು ನಮ್ಮ ಮನೆ ಮುಂದೆ, ದೇವಸ್ಥಾನದ ಬಳಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಅದು ರಕ್ತನಾಳಕ್ಕೆ ಮಾತ್ರ. ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಯಾರೂ ಬದುಕುವುದಿಲ್ಲ. ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಒಂದೇ ದಿನ ಬೆನ್ನಿಗೆ ಮೆಥೊಟ್ರೆಕ್ಸೇಟ್, ನಾಳಕ್ಕೆ ವಿಂಕ್ರಿಸ್ಟಿನ್ ಬರೆದಿದ್ದಾಗ ಎರಡು ಸಿರಿಂಜುಗಳು ಒಂದೇ ಟ್ರೇಯಲ್ಲಿ ಕೂತು, ಅದಲುಬದಲಾಗಿ, ಜಗತ್ತಿನ ಬೇರೆ ಬೇರೆ ಕಡೆ ಮಕ್ಕಳು ಹೋಗಿದ್ದಾರೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಇದನ್ನು ಸಿರಿಂಜಿನಲ್ಲಿ ತುಂಬಬೇಡಿ, ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಿ ಎಂದು ಹೇಳಿತು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲಾರರು. ಎರಡನ್ನೂ ಒಂದೇ ಹೊತ್ತಿಗೆ, ಒಂದೇ ಕೋಣೆಗೆ ತರಬೇಡಿ. ಈ ಔಷಧ ತೆಗೆದುಕೊಂಡವರಿಗೆ ಮಲ ಕಟ್ಟುತ್ತದೆ, ಬೆರಳ ತುದಿ ಜೋಮು ಹಿಡಿಯುತ್ತದೆ. ಅಂಗಿಯ ಗುಂಡಿ ಹಾಕಲು ಆಗುತ್ತಿದೆಯಾ, ಚಪ್ಪಲಿ ಕಾಲಿನಿಂದ ಜಾರುತ್ತಿದೆಯಾ ಎಂದು ಕೇಳಿ.

ಮೆಥೊಟ್ರೆಕ್ಸೇಟ್ ಎಂದಾಗ ಕ್ಯಾನ್ಸರ್ ವಾರ್ಡನ್ನಷ್ಟೇ ನೆನೆಯಬೇಡಿ. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಅದೇ ಮಾತ್ರೆಯನ್ನು ಗುಬ್ಬಿಯ ಹಳ್ಳಿಗಳಲ್ಲಿ, ಕುಣಿಗಲ್ಲಿನ ಕೇರಿಗಳಲ್ಲಿ ಅಜ್ಜಿಯರು ನುಂಗುತ್ತಿದ್ದಾರೆ. ಅದನ್ನು ತೆಗೆದುಕೊಳ್ಳಬೇಕಾದ್ದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು, ಜೀವಕ್ಕೇ ಸಂಚಕಾರ. "ವಾರಕ್ಕೊಮ್ಮೆ" ಎಂದು ಹೇಳಿದರೆ ಸಾಲದು. "ಭಾನುವಾರ ಮಾತ್ರ" ಎಂದು ವಾರದ ಹೆಸರು ಹಿಡಿದು ಹೇಳಿ, ಚೀಟಿಯ ಮೇಲೆ ಕನ್ನಡದಲ್ಲಿ ಬರೆಯಿರಿ, ಅವರ ಬಾಯಲ್ಲೇ ಮತ್ತೆ ಹೇಳಿಸಿ. ಓದಲು ಬಾರದವರಿದ್ದರೆ ಮಗನಿಗೋ ಸೊಸೆಗೋ ಹೇಳಿ. ಜೊತೆಗೆ ಕೊಡುವ ಫೋಲಿಕ್ ಆ್ಯಸಿಡ್ ಯಾವ ದಿನ ಎಂಬುದನ್ನೂ ಬೇರೆಯಾಗಿ ಬರೆಯಿರಿ. ಎರಡೂ ಹಳದಿ ಮಾತ್ರೆಗಳಾಗಿದ್ದರೆ ಕಲಸಿಹೋಗುವುದು ಸುಲಭ.

ನಿಮ್ಮ ಮೈಯನ್ನೂ ನೋಡಿಕೊಳ್ಳಿ. ಕೀಮೋ ಬೆರೆಸುವಾಗ ಎರಡು ಜೊತೆ ಗ್ಲೌಸ್, ಗೌನು, ಕನ್ನಡಕ, ಮಾಸ್ಕ್. ಶೆಕೆ ಎಂದು ತೆಗೆಯಬೇಡಿ. ಕೀಮೋ ಮಾತ್ರೆಯನ್ನು ಪುಡಿ ಮಾಡಬೇಡಿ. ಗರ್ಭಿಣಿಯಾಗಿದ್ದರೆ, ಆಗುವ ಯೋಚನೆಯಿದ್ದರೆ, ಹಾಲೂಡಿಸುತ್ತಿದ್ದರೆ, ಸಂಕೋಚ ಬಿಟ್ಟು ಮೇಡಂಗೆ ಹೇಳಿ ಬೇರೆ ಡ್ಯೂಟಿ ಕೇಳಿ, ಇದು ಸೋಮಾರಿತನವಲ್ಲ. ಚೆಲ್ಲಿದರೆ ಸಾಮಾನ್ಯ ಒರೆಸುವ ಬಟ್ಟೆಯಲ್ಲಿ ಒರೆಸಿ ಆಯಾ ಅಮ್ಮನ ಕೈಗೆ ಕೊಡಬೇಡಿ, ಸ್ಪಿಲ್ ಕಿಟ್ ಬಳಸಿ. ಕೀಮೋ ತಾಗಿದ ಕಸ ಹಳದಿ ಚೀಲಕ್ಕೆ, ಸೈಟೋಟಾಕ್ಸಿಕ್ ಗುರುತಿನೊಂದಿಗೆ. 2016ರ ನಿಯಮದ ಪ್ರಕಾರ ಅದು 1200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಬೇಕಾದ ಕಸ. ಔಷಧ ಹೋದ ಮೇಲೆ 48 ಗಂಟೆ ರೋಗಿಯ ಮೂತ್ರ, ವಾಂತಿಯಲ್ಲೂ ಔಷಧ ಇರುತ್ತದೆ. ಮನೆಯವರಿಗೂ ಹೇಳಿ: ಗ್ಲೌಸ್ ಹಾಕಿ ತೆಗೆಯಬೇಕು, ಎರಡು ಸಲ ನೀರು ಹೊಯ್ಯಬೇಕು, ಆ ಬಟ್ಟೆ ಬೇರೆ ಒಗೆಯಬೇಕು.

ನೀರಿನ ಮಾತು ಬಂತು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ, ಸೈಕ್ಲೋಫಾಸ್ಫಮೈಡ್ ಮೂತ್ರಕೋಶಕ್ಕೆ ಕೆಟ್ಟದ್ದು. ಎರಡಕ್ಕೂ ಧಾರಾಳ ನೀರು ಕುಡಿದು, ತಡೆಯದೆ ಮೂತ್ರಕ್ಕೆ ಹೋಗುತ್ತಿರಬೇಕು. ಆದರೆ ಕೀಮೋ ಮುಗಿಸಿ ಬಸ್ಸಿನಲ್ಲಿ ಊರಿಗೆ ಹೊರಟ ಹೆಂಗಸು ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಬೆಳಗಿನಿಂದ ತುಟಿಗೆ ನೀರು ಸೋಕಿಸಿರುವುದಿಲ್ಲ. ಇದನ್ನು ನೀವು ಕೇಳದೆ ಅವರು ಹೇಳುವುದಿಲ್ಲ. ಹೊರಡುವ ಮೊದಲು ಕುಡಿಸಿ, ಬಾತ್‌ರೂಮಿಗೆ ಕಳಿಸಿ, ಆಗುವವರಿಗೆ ಶೌಚಾಲಯವಿರುವ ರೈಲಿನಲ್ಲಿ ಹೋಗಲು ಹೇಳಿ. ಎಳನೀರು ನಮ್ಮ ಸೀಮೆಯ ಭಾಗ್ಯ, ಕುಡಿಯಲಿ. ಆದರೆ ಕಣ್ಣೆದುರು ಹೊಸದಾಗಿ ಕೆತ್ತಿಸಿದ್ದೇ ಆಗಬೇಕು, ಬೆಳಿಗ್ಗೆ ತೆಗೆದು ಲೋಟದಲ್ಲಿಟ್ಟದ್ದು ಬೇಡ. ಮೂತ್ರಪಿಂಡ ಸೋತವರಿಗೆ ಅದರ ಪೊಟ್ಯಾಸಿಯಂ ಅಪಾಯ, ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ಅಡ್ರಿನಾಲಿನ್ ಬಳಗದ ಇನ್ನೊಂದು ಮುಖ ನಮ್ಮ ಹೊಲಗಳಲ್ಲಿದೆ. ಕೆಂಪು ಚೇಳು ಕುಟುಕಿದ ಮಗುವನ್ನು ತರುತ್ತಾರೆ. ವಿಷವು ದೇಹದಲ್ಲಿರುವ ಅಡ್ರಿನಾಲಿನನ್ನೆಲ್ಲ ಒಮ್ಮೆಲೇ ಹರಿಯಬಿಡುತ್ತದೆ: ಮೈಯೆಲ್ಲ ಬೆವರು, ವಾಂತಿ, ಕೈಕಾಲು ಐಸು, ಬಿಪಿ ಮೇಲೆ, ಆಮೇಲೆ ಶ್ವಾಸಕೋಶದಲ್ಲಿ ನೀರು. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ಕೂತು ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಆಲ್ಫಾ ತಡೆಯುವ ಪ್ರಾಜೋಸಿನ್ ಮಾತ್ರೆ ಇದಕ್ಕೆ ಮದ್ದೆಂದು ತೋರಿಸಿಕೊಟ್ಟರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಇಲ್ಲದೆಯೂ ನೋಡುವ ಕಣ್ಣಿದ್ದರೆ ಎಂಥ ಕೆಲಸ ಆಗುತ್ತದೆ ನೋಡಿ. ಮಕ್ಕಳಿಗೆ ಕಿಲೋಗೆ 30 ಮೈಕ್ರೋಗ್ರಾಂ ಲೆಕ್ಕದಲ್ಲಿ ವೈದ್ಯರು ಬರೆಯುತ್ತಾರೆ. ಕೊಟ್ಟ ಮೇಲೆ ಮಗು ಮಲಗಿಯೇ ಇರಬೇಕು. ಅಮ್ಮ ಎತ್ತಿ ಹೆಗಲಿಗೆ ಹಾಕಿಕೊಂಡರೆ ಬಿಪಿ ತಟ್ಟನೆ ಬೀಳುತ್ತದೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಪ್ರಾಸ್ಟೇಟ್ ತೊಂದರೆಗೆ ಇದೇ ಜಾತಿಯ ಮಾತ್ರೆ ಹೊಸದಾಗಿ ಶುರುವಾದ ತಾತನಿಗೂ ಅದೇ ಮಾತು: ರಾತ್ರಿ ಮಲಗುವಾಗ ನುಂಗಿ, ಏಳುವಾಗ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳಲಿ.

ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ನೆಗಡಿ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ, ಅದೂ ಆಲ್ಫಾದ ಕೆಲಸಗಾರ. ಬಿಪಿ ಇರುವವರಿಗೆ ಬೇಡ ಎನ್ನಿ. ಕಟ್ಟಿದ ಮೂಗು ಬಿಡಿಸುವ ಹನಿಯನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಇನ್ನೂ ಕಟ್ಟುತ್ತದೆ. ಬೀಟಾ ಎರಡರ ಕೆಲಸಗಾರನಾದ ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿದ ಮೇಲೆ ಕೈ ನಡುಗಿ ಎದೆ ಹೊಡೆದುಕೊಳ್ಳುವುದು ಸಹಜ, ಆದರೆ ಪದೇ ಪದೇ ಕೊಡಬೇಕಾದರೆ ಪೊಟ್ಯಾಸಿಯಂ ನೋಡಿಸಿ.

ಕೊನೆಗೆ ಜ್ವರ. ಕೀಮೋ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ಬಹಳ ಇಳಿದಿರುತ್ತವೆ. ಆಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ. ಕೀವು ಕಾಣುವುದಿಲ್ಲ, ಕೆಂಪು ಕಾಣುವುದಿಲ್ಲ, ಜ್ವರವೊಂದೇ ಸುಳಿವು. ಅಂಥವರು ಬಂದರೆ ಸಾಲಿನಲ್ಲಿ ಕೂರಿಸಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಿಗ್ಗೆ ಬನ್ನಿ ಎನ್ನಬೇಡಿ. ಮಾಂಸಖಂಡಕ್ಕೆ ಇಂಜೆಕ್ಷನ್ ಬೇಡ, ಗುದದ್ವಾರದಲ್ಲಿ ಥರ್ಮಾಮೀಟರ್ ಬೇಡ, ಸಪೊಸಿಟರಿ ಬೇಡ. ರಕ್ತ ತೆಗೆದು, ವೈದ್ಯರನ್ನು ಎಬ್ಬಿಸಿ, ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯೋಟಿಕ್ ಹೋಗುವಂತೆ ನೋಡಿ. ಬಿಪಿ ಬೀಳತೊಡಗಿದರೆ 108ಕ್ಕೆ ಫೋನ್ ಮಾಡಿಸಿ, ತುಮಕೂರಿಗೋ ಬೆಂಗಳೂರಿಗೋ ಕಳಿಸುವಾಗ ಕೊಟ್ಟ ಔಷಧ, ಕೊಟ್ಟ ಸಮಯ ಎರಡನ್ನೂ ಬರೆದು ಕಳಿಸಿ.

ಕೀಮೋ ಮುಗಿಸಿ ಮನೆಗೆ ಹೊರಟವರಿಗೆ ಡಿಸ್ಚಾರ್ಜ್ ಹಾಳೆಯ ಹಿಂದೆ ನಿಮ್ಮ ಕೈಯಾರೆ ದೊಡ್ಡ ಅಕ್ಷರದಲ್ಲಿ ಬರೆದುಕೊಡಿ: ಕೀಮೋ ಕೊಟ್ಟ ತಾರೀಕು, ಔಷಧದ ಹೆಸರು, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಎಷ್ಟು ಹೊತ್ತಾದರೂ ಸರಿ ತಕ್ಷಣ ಆಸ್ಪತ್ರೆಗೆ, ಮತ್ತು ವಾರ್ಡಿನ ಫೋನ್ ನಂಬರು. ಥರ್ಮಾಮೀಟರ್ ಮನೆಯಲ್ಲಿದೆಯಾ ಎಂದು ಕೇಳಿ. ಇಲ್ಲವೆಂದರೆ ಬಸ್ಸು ಹತ್ತುವ ಮೊದಲು ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿನಲ್ಲೇ ಕೊಳ್ಳಲಿ. ಓದುವುದು ಹೇಗೆಂದು ಮಗಳ ಕೈಗೆ ಕೊಟ್ಟು, ನೀವೇ ಒಮ್ಮೆ ತೋರಿಸಿ ಕಳಿಸಿ.